ಅಪ್ಪನ ಜೊತೆ ಒಂದೇ ಟೀಮಿನಲ್ಲಿ

ಹಾಸ್ಟೆಲ್‌ನಿಂದ ಮನೆಗೆ ಫೋನ್ ಮಾಡಿದಾಗ ಅಪ್ಪ ಎತ್ತಿದರೆ ಮಾತು ಎಷ್ಟು ಹೊತ್ತು ನಡೆಯುತ್ತೆ? "ಊಟ ಆಯ್ತಾ?" "ಆಯ್ತು." "ದುಡ್ಡು ಇದ್ಯಾ?" "ಇದೆ." "ಇರು, ಅಮ್ಮಂಗೆ ಕೊಡ್ತೀನಿ." ಅಷ್ಟೇ. ಜಗಳವೇನೂ ಇರಲ್ಲ, ಆದರೆ ಮಾತಾಡೋಕೆ ವಿಷಯವೂ ಇರಲ್ಲ. ಜಪಾನಿನ ಒಬ್ಬ ಮಗನಿಗೂ ಅಪ್ಪನ ಜೊತೆ ಇದೇ ಕಷ್ಟ. ಅವನು ಹುಡುಕಿದ ದಾರಿ ಒಂದು ವಿಡಿಯೋ ಗೇಮ್.

ಇಂಟರ್ನೆಟ್ಟಿನಲ್ಲಿ ಅವನು ಬರೆಯುತ್ತಿದ್ದದ್ದು ‘ಮೈಡಿ’ ಅನ್ನೋ ಹೆಸರಲ್ಲಿ. ಆಡುತ್ತಿದ್ದದ್ದು ಸ್ಕ್ವೇರ್ ಎನಿಕ್ಸ್ ಕಂಪನಿಯ ‘ಫೈನಲ್ ಫ್ಯಾಂಟಸಿ 14’. 2013ರಲ್ಲಿ ಹೊಸ ರೂಪದಲ್ಲಿ ಬಂದ ಆನ್‌ಲೈನ್ ಆಟ ಅದು. ಅರವತ್ತರ ಆಸುಪಾಸಿನ ಅಪ್ಪನಿಗೆ ಅವನು ಪ್ಲೇಸ್ಟೇಷನ್ 4 ಮತ್ತು ಈ ಆಟವನ್ನು ಉಡುಗೊರೆ ಕೊಟ್ಟ. ಆಮೇಲೆ ಆಟದೊಳಗೆ ತನ್ನ ಹೆಣ್ಣು ಪಾತ್ರದಲ್ಲೇ ಹೋಗಿ, ಯಾರೋ ಅಪರಿಚಿತರ ಹಾಗೆ ಅಪ್ಪನ ಸ್ನೇಹ ಮಾಡಿಕೊಂಡ. ಅಪ್ಪನ ಪಾತ್ರದ ಹೆಸರು ಇಂಡಿ. ಟ್ವಿಂಟೇನಿಯಾ ಅನ್ನೋ ಡ್ರ್ಯಾಗನ್ನನ್ನು ಇಬ್ಬರೂ ಸೇರಿ ಸೋಲಿಸಿದ ದಿನ "ನಾನೇ ನಿಮ್ಮ ಮಗ" ಅಂತ ಹೇಳೋದು ಅವನ ಪ್ಲಾನ್.

ಇಲ್ಲಿ ಟ್ವಿಂಟೇನಿಯಾನೇ ಯಾಕೆ ಅನ್ನೋದು ಮುಖ್ಯ. ಆಗ ಒಬ್ಬನೇ ಆಡಿ ಗೆಲ್ಲೋ ಹೋರಾಟ ಆಗಿರಲಿಲ್ಲ ಅದು, 8 ಜನ ಬೇಕಿತ್ತು. ಸಾಮಾನ್ಯವಾಗಿ ಇಬ್ಬರು ಟ್ಯಾಂಕ್, ಅಂದರೆ ಎದುರಾಳಿಯ ಸಿಟ್ಟನ್ನೆಲ್ಲ ತಮ್ಮ ಮೇಲೆ ಎಳೆದುಕೊಂಡು ಏಟು ತಿನ್ನೋರು. ಇಬ್ಬರು ಹೀಲರ್, ಏಟು ತಿಂದವರ ಪ್ರಾಣ ಉಳಿಸೋರು. ಉಳಿದ ನಾಲ್ವರು ಹೊಡೆಯೋರು. ಯಾರೋ ಒಬ್ಬರು ತಪ್ಪು ಜಾಗದಲ್ಲಿ ನಿಂತರೂ ಎಂಟೂ ಜನ ಮಕಾಡೆ ಮಲಗಬಹುದು, ಮತ್ತೆ ಮೊದಲಿಂದ ಶುರು. ಹಾಗಾಗಿ ಮಾತಾಡದೆ ಬೇರೆ ದಾರಿಯೇ ಇಲ್ಲ. "ನೀನು ಎಡಕ್ಕೆ ಬಾ", "ಈಗ ತಡೆದುಕೋ", "ಪರವಾಗಿಲ್ಲ, ಇನ್ನೊಂದ್ಸಲ". ಮನೆಯಲ್ಲಿ ಅಪ್ಪ-ಮಗ ಎದುರುಬದುರು ಕೂತರೆ ಬಾಯಿ ಕಟ್ಟುತ್ತೆ. ಇಬ್ಬರ ಕಣ್ಣೂ ಒಂದೇ ಕೆಲಸದ ಮೇಲಿದ್ದರೆ ಮಾತು ತಾನಾಗೇ ಬರುತ್ತೆ. ಅಪ್ಪನ ಜೊತೆ ಸ್ಕೂಟರ್ ರಿಪೇರಿಗೆ ಕೂತವರಿಗೆ ಇದು ಗೊತ್ತಿರುತ್ತೆ.

ಇನ್ನೊಂದು ವಿಷಯ. ಹೊಸ ಆಟದಲ್ಲಿ ಕಲಿಯೋನು ಅಪ್ಪ, ಗೊತ್ತಿರೋನು ಮಗ. "ಇದು ಹೇಗಪ್ಪಾ?" ಅಂತ ಕೇಳೋ ಸರದಿ ಅಪ್ಪಂದು. ಮನೆಯ ದೊಡ್ಡವರು ದಡ್ಡರಾಗಿ ಕಾಣೋಕೆ ಒಪ್ಪೋ ಜಾಗ ಬೇರೆ ಯಾವುದಿದೆ ಹೇಳಿ!

ಆ ಗುಟ್ಟಿನ ಬಗ್ಗೆ ಮಾತ್ರ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ವೇಷ ಹಾಕಿಕೊಂಡು ಅಪ್ಪನ ಮನಸ್ಸಿನ ಮಾತು ಕೇಳೋದು ಸ್ವಲ್ಪ ಬಾಗಿಲ ಹಿಂದೆ ನಿಂತು ಕೇಳಿದ ಹಾಗೇ ಅಲ್ವಾ? ಆದರೆ "ನಾನು ನಿಮ್ಮ ಮಗ, ಬನ್ನಿ ಆಡೋಣ" ಅಂದಿದ್ದರೆ ಮತ್ತದೇ "ಊಟ ಆಯ್ತಾ" ಆಗ್ತಿತ್ತೇನೋ.

ಮೈಡಿ ಬರೆದದ್ದು ಪುಸ್ತಕವಾಯಿತು. 2017ರಲ್ಲಿ ‘ಡ್ಯಾಡ್ ಆಫ್ ಲೈಟ್’ ಅನ್ನೋ ಧಾರಾವಾಹಿ, 2019ರಲ್ಲಿ ಸಿನಿಮಾ ಬಂತು. ಧಾರಾವಾಹಿಯ ಆಟದ ದೃಶ್ಯಗಳನ್ನು ಆಟದ ಒಳಗೇ ಚಿತ್ರೀಕರಿಸಿದ್ದಾರೆ, ಅದಕ್ಕಾದರೂ ನೋಡಬೇಕು. ಮೈಡಿ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆ ಸುದ್ದಿ ಓದಿದ ದಿನವೇ ನಾನು ಮನೆಯವರಿಗೆಲ್ಲ ಲೂಡೋ ಆ್ಯಪ್ ಹಾಕಿಸಿದ್ದು.

ನಮ್ಮನೆಯಲ್ಲಿ ಕಷ್ಟ ಬರೀ ಮೌನದ್ದಲ್ಲ. ಅಣ್ಣನ ಮದುವೆ ವಿಷಯಕ್ಕೆ ಅಪ್ಪ ಅವನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು. ಅಪ್ಪಂಗೆ ಪ್ಲೇಸ್ಟೇಷನ್ ಕೊಡಿಸೋ ತಾಕತ್ತು ನನಗಿಲ್ಲ, ಕೊಟ್ಟರೂ ಮುಟ್ಟಲ್ಲ. ಲೂಡೋ ಆದರೆ ಚೌಕಾಬಾರದ ತಮ್ಮನ ಥರ, ಹೇಳಿಕೊಡೋದೇ ಬೇಡ. ಭಾನುವಾರ ರಾತ್ರಿ ಒಂಬತ್ತಕ್ಕೆ ನಾಲ್ಕು ಜನ: ಅಪ್ಪ, ಅಮ್ಮ, ಅಣ್ಣ, ನಾನು. ಮೊದಲ ಮೂರು ವಾರ ಅಪ್ಪ ಅಣ್ಣನ ಕಾಯಿ ಹೊಡೆಯೋ ಅವಕಾಶ ಸಿಕ್ಕರೂ ಬಿಟ್ಟು ಅಮ್ಮನದನ್ನೇ ಹೊಡೆಯುತ್ತಿದ್ದರು. ಪಾಪ ಅಮ್ಮ. ನಾಲ್ಕನೇ ವಾರ ಮನೆಯ ದಾರಿಗೆ ತಿರುಗೋಕೆ ಎರಡೇ ಮನೆ ಬಾಕಿ ಇದ್ದ ಅಪ್ಪನ ಕೆಂಪು ಕಾಯನ್ನು ಅಣ್ಣ ಹೊಡೆದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಾಟ್‌ನಲ್ಲಿ ಅಪ್ಪಂದು ಬಂತು: "ಲೇ, ಚಿಕ್ಕೋನಿದ್ದಾಗಲೂ ಹಿಂಗೇ ಮಾಡ್ತಿದ್ದೆ."

ಅಣ್ಣ ಏನೂ ಬರೀಲಿಲ್ಲ, ಆದರೆ ಮುಂದಿನ ವಾರ ಎಂಟೂವರೆಗೇ "ಶುರು ಮಾಡೋಣ್ವಾ" ಅಂತ ಮೆಸೇಜ್ ಹಾಕಿದ. ಈ ಭಾನುವಾರವೂ ನಾನೇ ರೂಮ್ ಕೋಡ್ ಕಳಿಸಬೇಕು, ಸೋಮವಾರ ಇಂಟರ್ನಲ್ಸ್ ಇದ್ದರೂ.