‘ಓದಿದವರು ಹರಸಲಿ’ ಎಂದ ಅರಸ

ವೇಲ್ಸ್ ನಾಡಿನ ಈಶಾನ್ಯ ಮೂಲೆಯಲ್ಲಿ, ಡೀ ನದಿಯ ದಡದ ಲಾಂಗೊಲೆನ್ ಪಟ್ಟಣಕ್ಕೆ ಸಮೀಪದಲ್ಲಿ, ಬೆಟ್ಟಗಳ ನಡುವಣ ಕಣಿವೆಯೊಂದರಲ್ಲಿ ಹಸುರು ದಿಬ್ಬವಿದೆ. ಅದರ ನೆತ್ತಿಯ ಮೇಲೆ ಸುಮಾರು 8 ಅಡಿ ಎತ್ತರದ ಮುರುಕು ಕಲ್ಲುಕಂಬವೊಂದು ನಿಂತಿದೆ. ಹಿಂದೆ ಇದು ಎತ್ತರವಾದ ಶಿಲುಬೆಯಾಗಿತ್ತು. 1201ರಲ್ಲಿ ಸಮೀಪದಲ್ಲೇ ಸ್ಥಾಪಿತವಾದ ಕ್ರೈಸ್ತ ಮಠಕ್ಕೆ ‘ಶಿಲುಬೆಯ ಕಣಿವೆ’ ಎಂಬರ್ಥದ ಹೆಸರು ಬಂದುದು ಇದರಿಂದಲೇ. ಕಂಬವನ್ನು ನಿಲ್ಲಿಸಿದವನು ಪೊವಿಸ್ ಎಂಬ ಸಣ್ಣ ರಾಜ್ಯದ ಅರಸ ಕಿಂಗೆನ್. ಇಂಗ್ಲೆಂಡಿನ ಚರಿತ್ರೆಯನ್ನು ಕಂಠಪಾಠ ಮಾಡಿದವರು ಕೂಡ ಈ ಹೆಸರನ್ನು ಕೇಳಿರಲಾರರು.

808ರಲ್ಲಿ ತಂದೆ ಕಾದೆಲ್ ತೀರಿಕೊಂಡ ಬಳಿಕ ಪಟ್ಟಕ್ಕೆ ಬಂದ ಕಿಂಗೆನನಿಗೆ ಪಿತ್ರಾರ್ಜಿತವಾಗಿ ದೊರೆತುದು ರಾಜ್ಯಕ್ಕಿಂತ ಹೆಚ್ಚಾಗಿ ತೊಂದರೆಯೇ. ಪೂರ್ವಕ್ಕೆ ಇಂಗ್ಲಿಷರ ಪ್ರಬಲ ರಾಜ್ಯ ಮರ್ಸಿಯಾ. ಅಲ್ಲಿನ ದೊರೆ ಆಫನು 8ನೆಯ ಶತಮಾನದಲ್ಲಿ ತೋಡಿಸಿದ ಉದ್ದನೆಯ ಕಂದಕ ಮತ್ತು ಮಣ್ಣಿನ ದಿಣ್ಣೆ ಇಂದಿಗೂ ಆ ಗಡಿಯಲ್ಲಿ ಕಾಣುತ್ತದೆ. ಪಶ್ಚಿಮಕ್ಕೆ ವೇಲ್ಸಿನದೇ ಆದ ಗ್ವಿನೆದ್ ರಾಜ್ಯ. ಅದು ಬಂಧುವೂ ಹೌದು, ಪ್ರತಿಸ್ಪರ್ಧಿಯೂ ಹೌದು.

ಹೊರಗಿನ ಶತ್ರುಗಳು ಸಾಲದೆಂಬಂತೆ ಮನೆಯೊಳಗೂ ಕೇಡು ಹುಟ್ಟಿತು. 814ರಲ್ಲಿ ಕಿಂಗೆನನ ಮಗ ಗ್ರಿಫಿದ್‌ನನ್ನು ಒಡಹುಟ್ಟಿದ ಎಲಿಸೆದ್‌ನೇ ಮೋಸದಿಂದ ಕೊಂದನೆಂದು ವೇಲ್ಸಿನ ಪ್ರಾಚೀನ ವಾರ್ಷಿಕ ವೃತ್ತಾಂತ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಮತ್ತೆ ಎಂಟು ವರ್ಷಕ್ಕೆ, 822ರಲ್ಲಿ, ಇಂಗ್ಲಿಷರು ಪೊವಿಸನ್ನು ತಮ್ಮ ವಶಕ್ಕೆ ತೆಗೆದುಕೊಂಡರೆಂಬ ಇನ್ನೊಂದು ವಾಕ್ಯ.

ಇಂತಹ ಅರಸನು ತನ್ನ ಮುತ್ತಜ್ಜನಿಗಾಗಿ ಸ್ತಂಭವೊಂದನ್ನು ನಿಲ್ಲಿಸಿದನು. ಆ ಮುತ್ತಜ್ಜನ ಹೆಸರೂ ಎಲಿಸೆದ್! ಒಡಹುಟ್ಟಿದವನ ಕೊಲೆಗಾರನೆಂದು ವೃತ್ತಾಂತ ಹೆಸರಿಸುವ ಮಗನು ಹೊತ್ತಿದ್ದ ಹೆಸರೇ ಇದು. ಕಲ್ಲಿನಲ್ಲಿ ಬರೆಯುವಾಗ ಕೊನೆಯ ಅಕ್ಷರ ತಪ್ಪಿ ‘ಎಲಿಸೆಗ್’ ಎಂದಾಯಿತು. ಇಂದಿಗೂ ಲೋಕಕ್ಕೆ ಅದು ಎಲಿಸೆಗ್‌ನ ಸ್ತಂಭವೇ. ಸುಮಾರು 31 ಸಾಲುಗಳ ಆ ಲ್ಯಾಟಿನ್ ಶಾಸನವು ಮೊದಲು ವಂಶಾವಳಿಯನ್ನು ಹೇಳುತ್ತದೆ. ಎಲಿಸೆದ್‌ನು ಕತ್ತಿ ಮತ್ತು ಬೆಂಕಿಗಳಿಂದ ಇಂಗ್ಲಿಷರ ಹಿಡಿತವನ್ನು ಬಿಡಿಸಿ ಪೊವಿಸನ್ನು ಮರಳಿ ಪಡೆದನೆಂದು ಹೊಗಳುತ್ತದೆ. ಈ ಕಲ್ಲನ್ನು ಗಟ್ಟಿಯಾಗಿ ಓದಿದವರು ಅವನ ಆತ್ಮವನ್ನು ಹರಸಬೇಕೆಂದು ಬೇಡುತ್ತದೆ. ಲಿಪಿಕಾರ ಕಾನ್‌ಮಾರ್ಕ್ ಎಂಬವನು ತನ್ನ ಹೆಸರನ್ನೂ ಕೊನೆಗೆ ಸೇರಿಸಿದ್ದಾನೆ. ನೆಲವನ್ನು ಕಳೆದುಕೊಳ್ಳುತ್ತಿದ್ದ ಅರಸನು, ಅದೇ ನೆಲವನ್ನು ಗೆದ್ದ ಹಿರಿಯನನ್ನು ನೆನೆದನೆಂದರೆ ಅದು ಬರಿಯ ಪಿತೃಭಕ್ತಿಯಲ್ಲ. ಈ ನಾಡು ನಮ್ಮದು ಎಂಬ ಹಕ್ಕಿನ ಸಾರಿಕೆ.

ಸಾರುವುದಕ್ಕೆ ಇನ್ನೂ ಒಂದು ಕಾರಣವಿತ್ತು. 829-30ರ ಸುಮಾರಿಗೆ ಗ್ವಿನೆದ್‌ನಲ್ಲಿ ‘ಬ್ರಿಟನ್ನರ ಇತಿಹಾಸ’ವೆಂಬ ಗ್ರಂಥವೊಂದು ಸಂಕಲಿತವಾಯಿತು. ಇಂಗ್ಲಿಷರನ್ನು ಕೂಲಿಯ ಸೈನಿಕರಾಗಿ ಕರೆತಂದು ನಾಡನ್ನೇ ಅವರ ಕೈಗಿತ್ತ ಪುರಾತನ ದೊರೆ ವೋರ್ಟಿಗರ್ನ್ ಅದರಲ್ಲಿ ಮಹಾಪಾಪಿ. ಸಂತ ಜರ್ಮಾನಸ್‌ನ ಎದುರು ನಿಂತು ನಾಶವಾದವನು. ಪೊವಿಸ್‌ನ ಅರಸರಾದರೋ ಆ ಗ್ರಂಥದ ಪ್ರಕಾರ ಒಬ್ಬ ಸೇವಕನ ಸಂತತಿ. ಕಿಂಗೆನನ ಕಲ್ಲು ಇದಕ್ಕೆ ನೇರ ವಿರುದ್ಧವಾಗಿ ನುಡಿಯುತ್ತದೆ: ಅರಸುಮನೆತನಕ್ಕೆ ವೋರ್ಟಿಗರ್ನನೇ ಹಿರಿಯ, ಅವನ ಹೆಂಡತಿ, 383ರಲ್ಲಿ ಬ್ರಿಟನ್ನಿನಿಂದ ಹೊರಟು ರೋಮನ್ ಚಕ್ರವರ್ತಿಯಾದ ಮ್ಯಾಕ್ಸಿಮಸ್‌ನ ಮಗಳು, ಅವರ ಮಗನನ್ನು ಅದೇ ಜರ್ಮಾನಸ್ ಹರಸಿದ್ದನು. ನೆರೆಯವರು ಕಳಂಕವೆಂದು ಜರೆದ ಹೆಸರನ್ನು ಮುಚ್ಚಿಡದೆ ಕಿರೀಟದಂತೆ ಧರಿಸಿದ ಈ ಎದೆಗಾರಿಕೆಯನ್ನು ಮೆಚ್ಚದಿರಲಾಗದು. ವಂಶಾವಳಿ ನಿಜವೋ ಕಟ್ಟುಕಥೆಯೋ, ಆ ಮಾತು ಬೇರೆ!

853ರಲ್ಲಿ ಮರ್ಸಿಯಾದ ದೊರೆ ಬರ್ಗ್ರೆಡ್, ವೆಸೆಕ್ಸಿನ ದೊರೆ ಏಥೆಲ್‌ವುಲ್ಫ್‌ನ ನೆರವಿನಿಂದ ವೇಲ್ಸಿನ ಮೇಲೆ ದಂಡೆತ್ತಿ ಬಂದನು. ಅದಾದ ಒಂದೆರಡು ವರ್ಷಗಳೊಳಗೆ ಕಿಂಗೆನ್ ಸತ್ತನು; ಸತ್ತುದು ಪೊವಿಸ್‌ನಲ್ಲಲ್ಲ, ದೂರದ ರೋಮಿನಲ್ಲಿ. ಸುಮಾರು 46 ವರ್ಷ ಆಳಿದ ಮುದುಕನು ಆಲ್ಪ್ಸ್ ಪರ್ವತಗಳಾಚೆಯ ಪವಿತ್ರ ನಗರಕ್ಕೆ ಹೋಗಿ ಅಲ್ಲಿಯೇ ಕಣ್ಣು ಮುಚ್ಚಿದನು. 855ರಲ್ಲಿ ಅದೇ ಏಥೆಲ್‌ವುಲ್ಫ್ ಕೂಡ ರೋಮಿಗೆ ಯಾತ್ರೆ ಹೊರಟನೆಂಬುದು ವಿಧಿಯ ವಿನೋದ.

ಪೊವಿಸ್ ಕಿಂಗೆನನ ಮಕ್ಕಳಿಗೆ ದಕ್ಕಲಿಲ್ಲ. ಗ್ವಿನೆದ್‌ನ ರೋದ್ರಿ ಮಹಾರಾಜನ ಪಾಲಾಯಿತು. ಕಿಂಗೆನನ ಸೋದರಿ ನೆಸ್ಟ್‌ಳ ಮೂಲಕ ಅವನಿಗೆ ಹಕ್ಕು ಬಂದಿತೆಂದು ನಂತರದ ವಂಶಾವಳಿಗಳು ಸಮಜಾಯಿಷಿ ಹೇಳುತ್ತವೆ.

ಇನ್ನು ಕಲ್ಲಿನ ಗತಿ. 17ನೆಯ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ಶಿಲುಬೆಯನ್ನು ಉರುಳಿಸಿ ಒಡೆದರೆನ್ನುತ್ತಾರೆ. 1696ರಲ್ಲಿ ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದ ಅಧಿಕಾರಿ, ವೇಲ್ಸಿನವನೇ ಆದ ಎಡ್ವರ್ಡ್ ಲುಯಿಡ್, ಬಿದ್ದಿದ್ದ ಕಂಬದ ಮೇಲಿನ ಬರೆಹವನ್ನು ಪ್ರತಿಮಾಡಿಕೊಂಡನು. ಆಗಲೇ ಎಷ್ಟೋ ಅಕ್ಷರಗಳು ಸವೆದಿದ್ದುವು. ಅವನು ಬರೆದುಕೊಂಡ ಹಾಳೆಯ ನಕಲುಗಳು ಉಳಿದುದರಿಂದಲೇ ಮೇಲೆ ಹೇಳಿದ ಶಾಸನದ ವಿಷಯವೆಲ್ಲ ನಮಗೆ ಲಭಿಸಿದೆ. 1779ರಲ್ಲಿ ಟ್ರೆವರ್ ಲಾಯ್ಡ್ ಎಂಬ ಜಮೀನುದಾರನು ಕಂಬದ ತುಂಡನ್ನು ಮತ್ತೆ ದಿಬ್ಬದ ಮೇಲೆ ನಿಲ್ಲಿಸಿದನು. 2010ರಿಂದ 2012ರವರೆಗೆ ಬ್ಯಾಂಗರ್ ಮತ್ತು ಚೆಸ್ಟರ್ ವಿಶ್ವವಿದ್ಯಾನಿಲಯದವರು ಅಗೆದು ನೋಡಿದಾಗ, ದಿಬ್ಬವು ಕಂಬಕ್ಕಿಂತ ಎರಡು ಸಾವಿರ ವರ್ಷಗಳಿಗೂ ಹಿಂದಿನ ಕಂಚಿನ ಯುಗದ ಸಮಾಧಿಯೆಂಬುದು ತಿಳಿದುಬಂತು.

ಹರಕೆಯನ್ನು ಬೇಡಿದ ಕಾನ್‌ಮಾರ್ಕ್‌ನ ಸಾಲುಗಳನ್ನು ಇಂದು ಬರಿಗಣ್ಣಿನಿಂದ ಓದಲಾಗದು. ಕಂಬದ ಇನ್ನೊಂದು ಮಗ್ಗುಲಲ್ಲಿ ಮಾತ್ರ ಲ್ಯಾಟಿನ್ ಸಾಲುಗಳಿವೆ: ಕಂಬವನ್ನು ಎತ್ತಿ ನಿಲ್ಲಿಸಿದವನು ತಾನೆಂದು ಲಾಯ್ಡ್ ಕೆತ್ತಿಸಿದವು.