ದಿಗಿಲಿನ ಮಾತು, ದೀರ್ಘವ್ಯಾಧಿ ಮತ್ತು ಮನೋಚಿಕಿತ್ಸೆ: ವರವು ಕಾವಲ್ ಸೀಮೆಯ ಹಿನ್ನೆಲೆಯಲ್ಲಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಪಡೆಯುವ ಸೀಮೆಗೆ ಸೇರಿದವು. ಅಮೃತಮಹಲ್ ರಾಸುಗಳಿಗೆಂದು ಮೈಸೂರು ಅರಸರ ಕಾಲದಿಂದ ಕಾಯ್ದಿರಿಸಿಕೊಂಡು ಬಂದ ಹುಲ್ಲುಗಾವಲುಗಳಲ್ಲಿ ಇಲ್ಲಿಯ ವರವು ಕಾವಲ್ ಒಂದು. ಈ ಸೀಮೆಯ ಮ್ಯಾಸಬೇಡರ, ಕಾಡುಗೊಲ್ಲರ ಹಟ್ಟಿಗಳ ಆರಾಧನೆ, ಕಥನಗೀತೆ, ದೇವರ ಎತ್ತುಗಳ ಕಡೆಗೆ ವಿದ್ವಾಂಸರ ಗಮನ ಸಾಕಷ್ಟು ಹರಿದಿದೆ. ಅದೇ ಜನ ಕಾಯಿಲೆಯನ್ನೂ ಕಾಯಿಲೆಯ ಭಯವನ್ನೂ ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆಂಬುದರ ಕಡೆಗೆ ಹರಿದದ್ದು ಕಡಿಮೆ. ದೀರ್ಘವ್ಯಾಧಿಯುಳ್ಳವರ ಆತಂಕಕ್ಕೆ ನೀಡುವ ಮನೋಚಿಕಿತ್ಸೆ ವೈದ್ಯಶಾಸ್ತ್ರದ ವಿಷಯವೆಂದು ತೋರಿದರೂ, ಅದು ಮಾತಿನಿಂದಲೇ ನಡೆಯುವ ಚಿಕಿತ್ಸೆಯಾದ್ದರಿಂದ ಜಾನಪದಕ್ಕೂ ಸಂಬಂಧಿಸಿದ್ದಾಗಿದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಉಬ್ಬಸ ಮೊದಲಾದವು ಎಲ್ಲೆಡೆ ಇರುವಂಥವು. ಈ ಸೀಮೆಯಲ್ಲಿ ಅವುಗಳ ಜೊತೆಗೆ ಫ್ಲೋರೋಸಿಸ್ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನಕ. ಜಿಲ್ಲೆಯ ಹಲವು ಕೊಳವೆಬಾವಿಗಳ ನೀರು ಅದನ್ನು ಮೀರಿದೆ. ಮೊದಲು ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಅದೇ ನೀರು ಕುಡಿದರೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಮೂಳೆಗೆ ಇಳಿದದ್ದನ್ನು ತೆಗೆಯುವ ಔಷಧವಿಲ್ಲ. ಇಂಥ ರೋಗಿಯ ಭಯವನ್ನು ನಿರಾಧಾರವೆನ್ನುವಂತಿಲ್ಲ. ಆರೋಗ್ಯವಂತರ ಆತಂಕಕ್ಕೂ ದೀರ್ಘರೋಗಿಯ ಆತಂಕಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಆತಂಕ ಎಂಬುದು ಗ್ರಂಥಸ್ಥ ಪದ. ಆಡುಮಾತಿನಲ್ಲಿ ಭಯವು ದೇಹದ ಮೂಲಕವೇ ನುಡಿಯುತ್ತದೆ: ಎದೆ ಡವಗುಟ್ಟುತ್ತದೆ, ಕೈಕಾಲು ತಣ್ಣಗಾಗುತ್ತವೆ, ಹೊಟ್ಟೆಯಲ್ಲಿ ತಳಮಳವೇಳುತ್ತದೆ, ಜೀವ ಹೌಹಾರುತ್ತದೆ. ಇಲ್ಲೊಂದು ತೊಡಕಿದೆ. ಆಸ್ಪತ್ರೆಯ ರೋಗಿಗಳ ಆತಂಕವನ್ನು ಅಳೆಯಲು 1983ರಲ್ಲಿ ಝಿಗ್ಮಂಡ್ ಮತ್ತು ಸ್ನೇತ್ ಎಂಬವರು ಹದಿನಾಲ್ಕು ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ದೇಹದ ಲಕ್ಷಣಗಳು ಮೂಲರೋಗದಿಂದಲೂ ಬರಬಹುದಾದ್ದರಿಂದ ಅವುಗಳನ್ನು ಬೇಕೆಂದೇ ದೂರವಿಟ್ಟು, ಮನಸ್ಸಿನ ಸ್ಥಿತಿಯನ್ನೇ ಕೇಳುವುದು ಅದರ ಕ್ರಮ. ಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ಎಚ್ಚರಿಕೆ. ಆದರೆ ಮನಸ್ಸಿನ ಕಳವಳವನ್ನು ಎದೆ, ಹೊಟ್ಟೆ, ಕೈಕಾಲುಗಳ ಹೆಸರಿನಲ್ಲಿಯೇ ಹೇಳುವ ಜನರ ನಡುವೆ, ದೇಹವನ್ನು ಬಿಟ್ಟು ಕೇಳುವ ಪ್ರಶ್ನೆಗೆ ಉತ್ತರ ಸಿಗದೆ ಹೋಗುವ ಸಾಧ್ಯತೆ ಇದೆ. ದೇಹದ ಮಾತನ್ನೆಲ್ಲ ಭಯವೆಂದು ತಿಳಿಯುವುದೂ ಅಪಾಯಕರ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವವರಲ್ಲಿ ಬೆವರು, ನಡುಕ, ಎದೆಬಡಿತಗಳು ರಕ್ತದ ಸಕ್ಕರೆ ಕುಸಿದುದರ ಲಕ್ಷಣವೂ ಆಗಿರಬಹುದು; ಅಂಥಲ್ಲಿ ಮೊದಲು ಬೇಕಾದದ್ದು ರಕ್ತಪರೀಕ್ಷೆ, ಅದಕ್ಕೆ ಅನುಕೂಲವಿಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಸಾಂತ್ವನ ಆಮೇಲಿನದು.

ಗಡಿಸೀಮೆಯಾದ್ದರಿಂದ ಭಾಷೆಯ ಸೂಕ್ಷ್ಮವೂ ಸೇರುತ್ತದೆ. ಮ್ಯಾಸಬೇಡರಲ್ಲಿ ಅನೇಕರ ಮನೆಮಾತು ತೆಲುಗು. ಕನ್ನಡದ ದಿಗಿಲು ಎಂಬ ಪದ ಥಟ್ಟನೆ ಎರಗುವ ಹೆದರಿಕೆಯ ಕಡೆಗೆ ವಾಲಿದರೆ, ತೆಲುಗಿನ ದಿಗುಲು ಒಳಗೊಳಗೇ ಕೊರೆಯುವ ಚಿಂತೆ, ಬೇಸರಗಳ ಕಡೆಗೆ ವಾಲುತ್ತದೆ. ಮೊದಲನೆಯದಕ್ಕೆ ಉಸಿರಾಟದ ಅಭ್ಯಾಸ ಒದಗೀತು. ಎರಡನೆಯದು ಖಿನ್ನತೆಯ ಸೂಚನೆಯೂ ಆಗಿರಬಹುದಾದ್ದರಿಂದ ವೈದ್ಯರು ಬೇರೆ ದಾರಿಯಲ್ಲಿಯೇ ವಿಚಾರಿಸಬೇಕಾಗುತ್ತದೆ.

ಹೆದರಿಕೆಗೆ ಜನಪದರಲ್ಲಿ ಪರಿಹಾರಗಳಿಲ್ಲವೆಂದಲ್ಲ. ದೃಷ್ಟಿ ನಿವಾಳಿಸುವುದು, ತಾಯಿತ ಕಟ್ಟುವುದು, ಅಂತ್ರ ಹಾಕಿಸುವುದು ಎಲ್ಲರೂ ಬಲ್ಲ ಆಚರಣೆಗಳು. ಇವೆಲ್ಲ ಭಯಕ್ಕೆ ಒಂದು ಗಳಿಗೆಯನ್ನು ಊಹಿಸುತ್ತವೆ: ಇಂಥ ಹೊತ್ತಿನಲ್ಲಿ, ಇಂಥ ಕಡೆ ಬೆಚ್ಚಿದ್ದು ಎಂದು ಗುರುತಿಸಿ, ಅದನ್ನು ಇಳಿಸಿ ಮುಗಿಸುತ್ತವೆ. ದೀರ್ಘವ್ಯಾಧಿಯ ಭಯಕ್ಕೆ ಅಂಥ ಗಳಿಗೆಯೂ ಇಲ್ಲ, ಮುಕ್ತಾಯವೂ ಇಲ್ಲ. ಆದ್ದರಿಂದ ಇಳಿ ತೆಗೆಯುವ ಆಚರಣೆಗಿಂತ ಹರಕೆಯ ಪದ್ಧತಿ ಇಲ್ಲಿ ಹೆಚ್ಚು ಪ್ರಸ್ತುತವೆನಿಸುತ್ತದೆ. ಗೌರಸಮುದ್ರದ ಮಾರಮ್ಮನಿಗೆ ಮುಂದಿನ ಜಾತ್ರೆಗೆ ಬರುತ್ತೇನೆಂದು ಹರಕೆ ಹೊತ್ತವರು ಕೊನೆಯಿಲ್ಲದ ಕಾಯಿಲೆಗೆ ಒಂದು ವರ್ಷದ ಅವಧಿಯನ್ನು ಕಟ್ಟಿಕೊಂಡಿರುತ್ತಾರೆ. ಹೋಗಿಬರುವುದಕ್ಕೆಂದಾದರೂ ಎದ್ದು ನಡೆಯುತ್ತಾರೆ. ಹರಕೆ ಮೂಳೆಯನ್ನು ನೆಟ್ಟಗೆ ಮಾಡದು, ಮಾತ್ರೆಯ ಬದಲಿಗೂ ನಿಲ್ಲದು. ತಮಿಳುನಾಡಿನ ದೇವಾಲಯವೊಂದರಲ್ಲಿ ತಂಗಿದ್ದ 31 ಜನರ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದುದನ್ನು ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಅವರಲ್ಲಿ ಹೆಚ್ಚಿನವರು ತೀವ್ರ ಮನೋರೋಗವುಳ್ಳವರು. ಆ ಫಲಿತಾಂಶವನ್ನು ದೀರ್ಘವ್ಯಾಧಿಯ ಆತಂಕಕ್ಕೆ ಎಳೆದು ಹೊಂದಿಸುವುದು ಸಲ್ಲದು.

ಆತಂಕಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವ ಅರಿವು-ವರ್ತನಾ ಚಿಕಿತ್ಸೆಯಲ್ಲಿ ರೋಗಿಯು ಭಯ ಹುಟ್ಟಿಸುವ ಆಲೋಚನೆಯನ್ನು ಗುರುತಿಸಿ ಪರಿಶೀಲಿಸುತ್ತಾನೆ. ಭಯದಿಂದ ಬಿಟ್ಟ ಕೆಲಸಗಳಿಗೆ ಹಂತಹಂತವಾಗಿ ಮರಳುತ್ತಾನೆ. ಆಲೋಚನೆ ನಿಜವೇ ಆಗಿದ್ದಲ್ಲಿ, ಉದಾಹರಣೆಗೆ ಬಾಗಿದ ಬೆನ್ನು ನೇರವಾಗದು ಎಂಬಲ್ಲಿ, ವಾದಿಸಿ ಪ್ರಯೋಜನವಿಲ್ಲ. ಅಲ್ಲಿ ಒಪ್ಪಿಕೊಂಡು ಬಾಳುವುದಕ್ಕೆ ಒತ್ತು ಕೊಡುವ ಚಿಕಿತ್ಸಾಕ್ರಮಗಳು ಹೆಚ್ಚು ಹೊಂದುತ್ತವೆ. ಮತ್ತೊಂದು ಉಪಾಯವೆಂದರೆ ಚಿಂತೆಗೆ ಹೊತ್ತನ್ನು ಗೊತ್ತುಮಾಡುವುದು. ಆತಂಕಿತನು ದಿನವಿಡೀ ದೇಹವನ್ನು ಕಾಯುತ್ತಾನೆ. ಕಾದಷ್ಟೂ ಸಣ್ಣ ನೋವು ದೊಡ್ಡದಾಗಿ ಕಾಣುತ್ತದೆ. ಅಮೃತಮಹಲ್ ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆ ಇತ್ತು. ಒಂದೇ ಕಾವಲಿನಲ್ಲಿ ವರ್ಷವಿಡೀ ಮೇಯಿಸಿದರೆ ಹುಲ್ಲು ಉಳಿಯದೆಂಬುದು ದನಗಾಹಿಗೆ ಗೊತ್ತು. ಗೊತ್ತಾದ ಹೊತ್ತಿನಲ್ಲಿ ಮಾತ್ರ ದೇಹವನ್ನು ವಿಚಾರಿಸಿಕೊಳ್ಳಿ ಎಂಬ ಸಲಹೆಯನ್ನು ಕಿಲಾರಿಯೊಬ್ಬನಿಗೆ ಈ ಅನುಭವದ ಮೂಲಕ ಹೇಳಿದರೆ, ಭಾಷಾಂತರಿತ ಕರಪತ್ರಕ್ಕಿಂತ ಬೇಗ ತಲುಪೀತು.

ಎಲ್ಲ ಚಿಂತೆಯೂ ಚಿಕಿತ್ಸೆಯ ವ್ಯಾಪ್ತಿಗೆ ಬರುವುದಿಲ್ಲ. ವರವು ಕಾವಲಿನ ನೆಲದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರಲ್ಲಿ ಉದ್ಘಾಟನೆಗೊಂಡಿತು. ಮೇವಿನ ನೆಲ ಕಿರಿದಾದವನ ಕಳವಳವಾಗಲಿ, ಶುದ್ಧ ನೀರಿಗಾಗಿ ಅಲೆಯುವವಳ ಕಳವಳವಾಗಲಿ ತಪ್ಪು ಆಲೋಚನೆಯಲ್ಲ.

ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1985ರಲ್ಲಿ ಆರಂಭಿಸಿದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮನೋರೋಗಗಳ ಆರೈಕೆಯನ್ನು ಹಳ್ಳಿಗೆ ಒಯ್ಯಬಹುದೆಂದು ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ ಸಂಪರ್ಕಿಸಬಹುದಾಗಿದ್ದು, ಕನ್ನಡ, ತೆಲುಗು ಎರಡರಲ್ಲಿಯೂ ಮಾತನಾಡಲು ಅವಕಾಶವಿದೆ. ರೋಗಿಯ ಚೀಟಿಯಲ್ಲಿ ಆತಂಕ ಎಂದು ಬರೆಯುವ ಮುನ್ನ ಅವನು ಆಡಿದ ಪದವನ್ನು, ದಿಗಿಲೋ ದಿಗುಲೋ ಹೊಟ್ಟೆಯ ತಳಮಳವೋ, ಇದ್ದಂತೆಯೇ ದಾಖಲಿಸುವ ರೂಢಿ ಆರೋಗ್ಯ ಕೇಂದ್ರಗಳಲ್ಲಿ ಬೆಳೆಯಬೇಕಾಗಿದೆ. ಅಂಥ ಪದಗಳ ಪಟ್ಟಿಯೊಂದನ್ನು ಹಟ್ಟಿವಾರು ಸಿದ್ಧಪಡಿಸಿಕೊಡುವುದು ಜಾನಪದ ಸಂಶೋಧಕರಿಗೆ ಸೇರಿದ ಕೆಲಸ.