ಪಿಡಿಎಫ್ ರೀಡರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ?



"ಸಿಸ್ಟರ್, ಬ್ಯಾಂಕಿನವರು ನಮ್ಮ ಸಂಘದ ಸಾಲದ ಲೆಕ್ಕ ಮೊಬೈಲಿಗೆ ಕಳಿಸಿದ್ದಾರೆ. ನಾವು ಕಟ್ಟಿದ ಒಂದು ಕಂತು ಅದರಲ್ಲಿ ಬಂದೇ ಇಲ್ಲ. ನೀವೇ ಸ್ವಲ್ಪ ಸೇರಿಸಿ ಕೊಡಿ" ಎಂದು ಸಂಘವೊಂದರ ಪ್ರತಿನಿಧಿ ಕೇಳಿದರು. ಹಾಗೆ ಸೇರಿಸೋಕೆ ಆಗುವುದಿಲ್ಲ, ಸೇರಿಸಲೂಬಾರದು. ಯಾಕೆ ಅಂತ ತಿಳಿದುಕೊಳ್ಳೋಣ.

ಇಂಥ ಕಾಗದಗಳು ಹೆಚ್ಚಾಗಿ ಪಿಡಿಎಫ್ ರೂಪದಲ್ಲಿ ಬರುತ್ತವೆ. ಅಡೋಬ್ ಕಂಪನಿ ಇದನ್ನು 1993ರಲ್ಲಿ ಹೊರತಂದಿತು. 2008ರಲ್ಲಿ ಇದು ಅಂತಾರಾಷ್ಟ್ರೀಯ ಮಾನದಂಡವಾಯಿತು. ಹಾಗಾಗಿ ಬೇರೆ ಬೇರೆ ಕಂಪನಿಗಳ ಉಚಿತ ರೀಡರ್‌ಗಳಲ್ಲೂ ಇದನ್ನು ತೆರೆದು ಓದಬಹುದು. ಓದಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ರೀಡರ್ ಮಾಡುವ ಕೆಲಸ:

1. ಅಕ್ಷರವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಪ್ರಿಂಟ್ ತೆಗೆಯಲು ಬಿಡುತ್ತದೆ.

2. ದೊಡ್ಡ ಪಟ್ಟಿಯಲ್ಲಿ ಖಾತೆ ನಂಬರ್ ಹುಡುಕಿ ಕೊಡುತ್ತದೆ. ಆದರೆ ಕಾಗದದ ಫೋಟೋ ತೆಗೆದು ಪಿಡಿಎಫ್ ಮಾಡಿದ್ದರೆ ಸಾಮಾನ್ಯವಾಗಿ ಹುಡುಕಲು ಬರುವುದಿಲ್ಲ.

3. ಅಕ್ಷರ ಕೆಡದಂತೆ ತೋರಿಸುತ್ತದೆ. ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ನಡಾವಳಿಯನ್ನು ವರ್ಡ್‌ನಲ್ಲೇ ಕಳಿಸಿದರೆ, ನುಡಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಗುರುತುಗಳು ಬರುತ್ತವೆ. ಪಿಡಿಎಫ್ ಮಾಡಿದರೆ ಅಕ್ಷರವೂ ಅದರೊಳಗೇ ಸೇರಿ ಹೋಗುತ್ತದೆ. ಟೈಪ್ ಮಾಡುವವರಿಗೆ "ಪಿಡಿಎಫ್ ಮಾಡಿ ಕೊಡಿ" ಎಂದು ಕೇಳಿ.

ರೀಡರ್ ಮಾಡದ ಕೆಲಸ:

1. ಒಳಗಿನ ಅಂಕಿಯನ್ನು ಬದಲಾಯಿಸುವುದಿಲ್ಲ. ಬದಲಾಯಿಸುವ ಸಾಫ್ಟ್‌ವೇರ್ ಬೇರೆಯೇ ಇದೆ. ಆದರೆ ನಮ್ಮ ಮೊಬೈಲಿನಲ್ಲಿ ಅಂಕಿ ತಿದ್ದಿದರೆ ಬ್ಯಾಂಕಿನ ಲೆಕ್ಕ ಬದಲಾಗುತ್ತದೆಯೇ? ಇಲ್ಲ. ತಿದ್ದಿದ ಕಾಗದವನ್ನು ಅಸಲಿ ಎಂದು ತೋರಿಸುವುದು ಅಪರಾಧವೂ ಹೌದು.

2. ಗುಪ್ತಪದ ಇಲ್ಲದೆ ಬೀಗ ತೆಗೆಯುವುದಿಲ್ಲ. ಇ-ಆಧಾರ್‌ಗೆ ಗುಪ್ತಪದ ಎಂದರೆ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಮುಂದೆ ಹುಟ್ಟಿದ ವರ್ಷ.

3. ಬರೆದದ್ದು ನಿಜವೋ ಸುಳ್ಳೋ ಎಂದು ಹೇಳುವುದಿಲ್ಲ. ನಕಲಿ ಕಾಗದವೂ ಅಸಲಿಯಂತೆಯೇ ಕಾಣುತ್ತದೆ. "ನಿಮಗೆ ಸಾಲ ಮಂಜೂರಾಗಿದೆ, ಮೊದಲು ಶುಲ್ಕ ಕಟ್ಟಿ" ಎಂಬ ಪತ್ರ ವಾಟ್ಸಾಪಿನಲ್ಲಿ ಬಂದರೆ ಹಣ ಕಟ್ಟಬೇಡಿ, ಬ್ಯಾಂಕಿಗೇ ಹೋಗಿ ಕೇಳಿ.

ಇನ್ನೊಂದು ಎಚ್ಚರಿಕೆ: ಹೆಸರಿನ ಕೊನೆಗೆ 'ಎಪಿಕೆ' ಎಂದಿದ್ದರೆ ಅದು ಕಾಗದವೇ ಅಲ್ಲ, ಆ್ಯಪ್. ಒತ್ತಿ ಹಾಕಿಕೊಂಡರೆ ಓಟಿಪಿ ಕದ್ದು ಖಾತೆಯನ್ನೇ ಬರಿದು ಮಾಡಬಹುದು. ತೆರೆಯಬೇಡಿ.

ಆ ಪ್ರತಿನಿಧಿ ಮರುದಿನವೇ ಲೆಕ್ಕದ ಪ್ರಿಂಟ್, ಕಂತು ಕಟ್ಟಿದ ರಸೀದಿ ಎರಡನ್ನೂ ಹಿಡಿದು ಬ್ಯಾಂಕಿಗೆ ಹೋಗಿ ಬರಹದಲ್ಲಿ ಅರ್ಜಿ ಕೊಟ್ಟರು. ಲೆಕ್ಕ ಸರಿಯಾಯಿತು. ಅವರು ತೆರೆದು ಓದದೇ ಹೋಗಿದ್ದರೆ ಸಂಘ ಆ ಕಂತನ್ನು ಎರಡು ಸಲ ಕಟ್ಟಬೇಕಾಗುತ್ತಿತ್ತು. ತಿದ್ದಬೇಕಾದವರು ಬ್ಯಾಂಕಿನವರು, ಸರಿ. ಆದರೆ ಓದಬೇಕಾದವರು ನಾವೇ.

ಮುಂದಿನ ವಾರದ ಸಭೆಯಲ್ಲಿ ನಿಮ್ಮ ಸಂಘದ ಲೆಕ್ಕವನ್ನು ಮೊಬೈಲಿನಲ್ಲಿ ತೆರೆದು, ಎಲ್ಲರೂ ಕೂಡಿ ರಸೀದಿ ಮತ್ತು ಪಾಸ್‌ಪುಸ್ತಕದ ಜೊತೆ ತಾಳೆ ನೋಡಿ.